ಒಡೆಯರಪಾಳ್ಯದ ನಿರಾಶ್ರಿತರು, ಬಿಳಿಗಿರಿಯ ಸೋಲಿಗರು: ಖಂಡಾಂತರ ನಂಟಿನ ಒಂದು ಇತಿಹಾಸ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದಕ್ಕೆ ಅಂಟಿಕೊಂಡಿದ್ದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಮೈಸೂರು ಅರಸರಿಂದ ದೊರೆತ ಜಹಗೀರು. ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಹನೂರು ಆಗಿನ್ನೂ ಕೊಳ್ಳೇಗಾಲದ ಒಂದು ಭಾಗ. ಮದ್ರಾಸಿಗೂ ಬೆಂಗಳೂರಿಗೂ ಒಂದೇ ಸಮನಾಗಿ ದೂರವೆನಿಸಿದ್ದ ಈ ಕಾಡಂಚಿನ ಸೀಮೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನೊಂದಿಗೂ ಅಮೆರಿಕದೊಂದಿಗೂ ನೇರ ಸಂಬಂಧ ಬೆಳೆಸಿತೆಂದರೆ, ಆ ಸಂಬಂಧವನ್ನು ಬಹುಮಟ್ಟಿಗೆ ನೇಯ್ದದ್ದು ವಿದೇಶಾಂಗ ಇಲಾಖೆಗಳಲ್ಲ, ನಾಗರಿಕ ಸಮಾಜ. ಎಂದರೆ ಸರ್ಕಾರಕ್ಕೂ ಮಾರುಕಟ್ಟೆಗೂ ಸೇರದೆ ಜನರು ತಾವಾಗಿ ಕಟ್ಟಿಕೊಂಡ ಸಂಘಗಳು, ಸೇವಾಸಂಸ್ಥೆಗಳು ಮತ್ತು ಚಳವಳಿಗಳು.

ಈ ನಂಟಿಗೆ ಮೊದಲ ಕಾರಣವಾದವರು ಟಿಬೆಟನ್ ನಿರಾಶ್ರಿತರು. 1954ರ ಪಂಚಶೀಲ ಒಪ್ಪಂದದಲ್ಲಿ ಟಿಬೆಟನ್ನು ಚೀನಾದ ಪ್ರದೇಶವೆಂದು ಒಪ್ಪಿಕೊಂಡಿದ್ದ ಭಾರತವು 1959ರಲ್ಲಿ ದಲೈ ಲಾಮಾ ಅವರಿಗೂ ಅವರ ಹಿಂದೆ ಬಂದ ಸಾವಿರಾರು ಜನರಿಗೂ ಆಶ್ರಯ ಕೊಟ್ಟಿತಾದರೂ, ಅವರ ದೇಶಭ್ರಷ್ಟ ಸರ್ಕಾರಕ್ಕೆ ಮಾನ್ಯತೆ ಕೊಡಲಿಲ್ಲ. ನಿರಾಶ್ರಿತರ ಹಕ್ಕುಗಳನ್ನು ಗೊತ್ತುಪಡಿಸಿದ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೂ ಸಹಿ ಹಾಕಲಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 1959, 1961 ಮತ್ತು 1965ರಲ್ಲಿ ಟಿಬೆಟ್ ಕುರಿತು ನಿರ್ಣಯಗಳನ್ನು ಅಂಗೀಕರಿಸಿದರೂ ಅವು ಯಾವ ದೇಶವನ್ನೂ ಕಟ್ಟಿಹಾಕುವಂಥವಾಗಿರಲಿಲ್ಲ. ಹೀಗೆ ಸರ್ಕಾರಗಳು ಅನುಕಂಪವನ್ನು ತೋರಿಯೂ ಹೊಣೆಯನ್ನು ಹೊರದೆ ಉಳಿಸಿದ ತೆರವಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಕೆಲಸ ಸಿಕ್ಕಿತು. 1966ರಲ್ಲಿ ಪಶ್ಚಿಮ ಯುರೋಪಿನ ಹಲವು ದೇಶಗಳಲ್ಲಿ ಒಟ್ಟಾಗಿ ನಡೆದ ನಿರಾಶ್ರಿತರ ನಿಧಿಸಂಗ್ರಹ ಅಭಿಯಾನದಲ್ಲಿ ಕೂಡಿದ ಹಣದ ಒಂದು ಪಾಲು ಭಾರತದಲ್ಲಿದ್ದ ಟಿಬೆಟನ್ನರ ಪುನರ್ವಸತಿಗೆ ಮೀಸಲಾಯಿತು. ಹಣವೇನೋ ಯುರೋಪಿನ ಸಾಮಾನ್ಯ ಜನರದು. ಭೂಮಿ ಮಾತ್ರ ಮೈಸೂರು ರಾಜ್ಯದ್ದು. ಈ ಎರಡನ್ನೂ ಕೂಡಿಸುವ ಕೆಲಸಕ್ಕೆಂದೇ 1968ರಲ್ಲಿ ವಿಲಿಯಂ ಡೇವಿನ್ಸನ್ ಅವರ ನೇತೃತ್ವದಲ್ಲಿ ಹುಟ್ಟಿದ್ದು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಜನರ ಬಾಯಲ್ಲಿ ಮೈರಾಡ.

ಬೈಲಕುಪ್ಪೆ, ಮುಂಡಗೋಡು, ಹುಣಸೂರುಗಳ ನಂತರ 1973-74ರ ಸುಮಾರಿಗೆ ಹನೂರಿನ ಒಡೆಯರಪಾಳ್ಯದ ಬಳಿ ಧೊಂಡೆನ್‌ಲಿಂಗ್ ಎಂಬ ವಸತಿ ನೆಲೆಗೊಂಡಿತು. ಅದರ ಹಳ್ಳಿಗಳಿಗೆ ಊರ ದೇವರ ಹೆಸರಾಗಲಿ ಕೆರೆಯ ಹೆಸರಾಗಲಿ ಬರದೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರಗಳೇ ಹೆಸರಾದದ್ದು ಯೋಜನಾ ಕಡತದ ಗುರುತು ನೆಲದ ಮೇಲೆ ಉಳಿದ ಬಗೆ. ಮುಸುಕಿನ ಜೋಳದ ಮಳೆಯಾಶ್ರಿತ ಬೇಸಾಯ, ಬೆಳೆಗೆ ನುಗ್ಗುವ ಆನೆಗಳ ಕಾಟ, ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಮಾಡುವ ಸ್ವೆಟರ್ ವ್ಯಾಪಾರ, ಇವುಗಳ ನಡುವೆ ಆ ವಸತಿ ಬೇರೂರಿತು. 1992ರ ಜನವರಿಯಲ್ಲಿ ಅಲ್ಲಿನ ಜೊಗ್‌ಚೆನ್ ವಿಹಾರವನ್ನು ದಲೈ ಲಾಮಾ ಅವರೇ ಉದ್ಘಾಟಿಸಿದರು.

ಇದೇ ಹೊತ್ತಿಗೆ ನೆರೆಯ ಬೆಟ್ಟದಲ್ಲಿ ನಡೆದದ್ದನ್ನು ಇದರ ಜೊತೆಗಿಟ್ಟು ನೋಡದೆ ಹೋದರೆ ಚಿತ್ರ ಅರ್ಧವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೆನ್ನಿಗೇ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾಗಿ ಘೋಷಿತವಾಯಿತು. ಕಾಡಿನೊಳಗೆ ರಾಗಿ ಬಿತ್ತಿ, ಜೇನು ಇಳಿಸಿ, ಗೆಡ್ಡೆ ಅಗೆದು ಬಾಳುತ್ತಿದ್ದ ಸೋಲಿಗರನ್ನು ಪೋಡುಗಳಿಂದ, ಅಂದರೆ ಅವರ ಚದುರಿದ ಹಟ್ಟಿಗಳಿಂದ, ಎಬ್ಬಿಸಿ ಕಾಡಿನ ಅಂಚಿಗೆ ತಂದು ಕೂರಿಸಲಾಯಿತು. ಸಾವಿರಾರು ಮೈಲಿ ಆಚೆಯಿಂದ ಬಂದವರಿಗೆ ಕಾಡಂಚಿನಲ್ಲಿ ನೆಲ ಸಿಕ್ಕ ವರ್ಷಗಳಲ್ಲೇ ಕಾಡಿನ ಮಕ್ಕಳು ನೆಲ ಕಳೆದುಕೊಂಡದ್ದಕ್ಕೆ ಟಿಬೆಟನ್ನರು ಹೊಣೆಯಲ್ಲ. ಆದರೆ ಟಿಬೆಟನ್ನರ ಪರವಾಗಿ ಮಾತನಾಡಲು ಯುರೋಪಿನ ಹತ್ತಾರು ಸಂಸ್ಥೆಗಳಿದ್ದಾಗ, ಸೋಲಿಗರ ಪರವಾಗಿ ಯಳಂದೂರಿನ ಕಚೇರಿಯವರೆಗೆ ಹೋಗುವ ಸಂಘಟನೆಯೂ ಇರಲಿಲ್ಲವೆಂಬುದು ನಿಜ. ನಾಗರಿಕ ಸಮಾಜದ ಬಲ ಅದು ಇರುವ ಕಡೆಗಿಂತ ಇಲ್ಲದ ಕಡೆಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಆ ಕೊರತೆ ತುಂಬತೊಡಗಿದ್ದು 1981ರಲ್ಲಿ, ವೈದ್ಯ ಎಚ್. ಸುದರ್ಶನ್ ಅವರು ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದಾಗ. ಚಿಕಿತ್ಸೆಯಿಂದ ಮೊದಲಾದ ಕೆಲಸ ಶಾಲೆಗೂ ಸಂಘಟನೆಗೂ ಹಬ್ಬಿತು. 1986ರಲ್ಲಿ ಯಳಂದೂರಿನಲ್ಲಿ ಕುಷ್ಠರೋಗ ನಿವಾರಣೆಗಾಗಿ ಕರುಣಾ ಟ್ರಸ್ಟ್ ಹುಟ್ಟಿತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯು ಸುದರ್ಶನ್ ಅವರಿಗೂ ಕೇಂದ್ರಕ್ಕೂ ಸಂದಿತು. ಮುಂದಿನ ವರ್ಷಗಳಲ್ಲಿ ಅಮೆರಿಕ ಸರ್ಕಾರದ ನೆರವಿನ ಜೀವವೈವಿಧ್ಯ ಸಂರಕ್ಷಣಾ ಕಾರ್ಯಕ್ರಮವೊಂದು ಇದೇ ಕೇಂದ್ರದ ಮತ್ತು ಸಂಶೋಧಕರ ಜೊತೆ ಸೇರಿ, ಸೋಲಿಗರ ಜೇನು ಮತ್ತು ನೆಲ್ಲಿಕಾಯಿಯ ಸಂಗ್ರಹಣೆ, ಸಂಸ್ಕರಣೆಗಳನ್ನು ಕೈಗೆತ್ತಿಕೊಂಡಿತು. ಉದ್ಯಮವಾಗಿ ಅದು ಅಷ್ಟೇನೂ ದೂರ ಹೋಗಲಿಲ್ಲ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಆಧಾರದಲ್ಲಿ ಕೆಲವೇ ವರ್ಷಗಳಲ್ಲಿ ಕಿರು ಅರಣ್ಯೋತ್ಪನ್ನ ಮಾರಾಟಕ್ಕೆ ತಡೆ ಬಿದ್ದು ಸಂಗ್ರಹಣೆಯೇ ನಿಂತಿತು. ಉಳಿದದ್ದು ಸಂಶೋಧಕರೊಡನೆ ಕೂತು ಕಾಡನ್ನು ಅಳೆದು ದಾಖಲಿಸುವ ರೂಢಿ.

ಇತ್ತ ಮೈರಾಡ 1970ರ ದಶಕದ ಕೊನೆಗೆ ಟಿಬೆಟನ್ ಪುನರ್ವಸತಿಯನ್ನು ಬಹುಪಾಲು ಮುಗಿಸಿ ಸ್ಥಳೀಯ ಬಡವರತ್ತ ತಿರುಗಿತ್ತು. ಅದು ಬೆಳೆಸಿದ ದೊಡ್ಡ ಸಹಕಾರ ಸಂಘಗಳು 1984-85ರಲ್ಲಿ ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಸದಸ್ಯರು ಸಣ್ಣ ಗುಂಪುಗಳಾಗಿ ಉಳಿದರು. ಆ ಗುಂಪುಗಳೇ ಸ್ವಸಹಾಯ ಸಂಘಗಳ ಬುಡ. ರೋಮ್‌ನಲ್ಲಿರುವ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನ ತಮಿಳುನಾಡು ಮಹಿಳಾ ಅಭಿವೃದ್ಧಿ ಯೋಜನೆ 1989ರಲ್ಲಿ ಕಾವೇರಿಯಾಚೆಯ ಧರ್ಮಪುರಿಯಲ್ಲಿ ಆರಂಭವಾದದ್ದು ಈ ಮಾದರಿಯ ಮೇಲೆಯೇ. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. ನೆರವು ಯುರೋಪಿನಿಂದ ಇಲ್ಲಿಗೆ ಹರಿದರೆ, ಪಾಠ ಇಲ್ಲಿಂದ ಅತ್ತ ಹರಿಯಿತು.

ಕರೆಯದೆ ಹೋದವರೂ ಇದ್ದರು. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಮುಂದೆ ನಿಂತು ನಡೆಸಿದ 1999ರ ಖಂಡಾಂತರ ಜಾಥಾದಲ್ಲಿ ನೂರಾರು ರೈತರು ಯುರೋಪನ್ನು ಸುತ್ತಿ, ವಿಶ್ವ ವಾಣಿಜ್ಯ ಸಂಸ್ಥೆಯ ನೀತಿಗಳನ್ನೂ ಕುಲಾಂತರಿ ಬೀಜಗಳನ್ನೂ ವಿರೋಧಿಸುತ್ತಾ, ಕಲೋನ್‌ನಲ್ಲಿ ಜಿ-8 ನಾಯಕರು ಸೇರಿದ್ದ ಹೊತ್ತಿಗೆ ಅಲ್ಲಿ ಮುಗಿಸಿದರು. ಚಾಮರಾಜನಗರ ತಾಲೂಕಿನ ಹೊಂಡರಬಾಳಿನಲ್ಲಿರುವ ಅಮೃತಭೂಮಿ ಆ ಚಳವಳಿಯ ಕೃಷಿಕೇಂದ್ರ. ದಾನಿ ಮತ್ತು ಫಲಾನುಭವಿ ಎಂಬ ಹಳೆಯ ಏರ್ಪಾಟನ್ನು ಒಪ್ಪದೆ, ರೈತ ಮತ್ತು ರೈತ ಎಂಬ ನೆಲೆಯಲ್ಲಿ ಮಾತನಾಡಿದ್ದು ಈ ಪ್ರಯತ್ನದ ವಿಶೇಷ.

ಈ ಎಲ್ಲ ನಂಟುಗಳ ಕೀಲಿಕೈ ಕೊನೆಗೂ ಸರ್ಕಾರದ ಬಳಿಯೇ ಉಳಿದಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂದು 2010ರಲ್ಲಿ ಬಿಗಿಯಾದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಹೊರಗಿನ ದೇಣಿಗೆ ಪಡೆಯುವ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಮುಂಗಡ ಅನುಮತಿ ಬೇಕು. ಬಿಳಿಗಿರಿರಂಗನ ಬೆಟ್ಟ 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದಾಗ ಸೋಲಿಗರಿಗೆ ಮತ್ತೊಮ್ಮೆ ಎತ್ತಂಗಡಿಯ ಭಯ ಹುಟ್ಟಿತಾದರೂ, ಈ ಸಲ ಅವರ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಿತ್ತು, ಪವಿತ್ರ ತಾಣಗಳನ್ನು ಗುರುತಿಸಿದ ನಕ್ಷೆಯಿತ್ತು, ತಮ್ಮದೇ ಸಂಘವಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದ ದೇಶದ ಮೊದಲಿಗರು ಅವರಾದರು. ಒಡೆಯರಪಾಳ್ಯದ ಟಿಬೆಟನ್ನರ ಭೂಮಿ ಇಂದಿಗೂ ಗುತ್ತಿಗೆಯದೇ. ಕೇಂದ್ರವು 2014ರಲ್ಲಿ ಹೊರಡಿಸಿದ ಟಿಬೆಟನ್ ಪುನರ್ವಸತಿ ನೀತಿ ಅಂಥ ಗುತ್ತಿಗೆಗೆ ಗೊತ್ತುಮಾಡಿದ ಅವಧಿ 20 ವರ್ಷ.