ಏಳು ಹತ್ತರ ಲೋಕಲ್, ಎಂಟೂವರೆಯ ಊಟ

ಊರಿನಲ್ಲಿ ರಾತ್ರಿ ಅಡುಗೆ ಎನ್ನುವುದು ಬೇರೆಯಾಗಿ ಇರಲೇ ಇಲ್ಲ. ಸಾಗರದ ಕಡೆಯ ನಮ್ಮ ಮನೆಗಳಲ್ಲಿ ಅಡುಗೆ ಎಂದರೆ ಮಧ್ಯಾಹ್ನದ್ದು. ಹನ್ನೊಂದೂವರೆಗೆ ಒಲೆಯಿಂದ ಇಳಿದ ಹುಳಿಯನ್ನೇ ಸಂಜೆ ಇನ್ನೊಮ್ಮೆ ಕುದಿಸುತ್ತಿದ್ದರು, ಹೊಸದಾಗಿ ಬೇಯುತ್ತಿದ್ದುದು ಅನ್ನ ಮಾತ್ರ. ಹಿತ್ತಲಿನಿಂದ ಕಿತ್ತು ತಂದ ನಾಲ್ಕು ಎಲೆಯ ತಂಬುಳಿ, ಒಂದು ಹಪ್ಪಳ, ಕೊನೆಗೆ ಮಜ್ಜಿಗೆ. ಎಂಟು ಗಂಟೆಗೆಲ್ಲ ಊಟ ಮುಗಿದು ಅಡುಗೆಮನೆ ತೊಳೆದಾಗಿರುತ್ತಿತ್ತು. ಆ ಊಟವನ್ನು ಯಾರೂ ಹೊಗಳಿದ್ದು ನನಗೆ ನೆನಪಿಲ್ಲ. ಯಾರೂ ಬೈದದ್ದೂ ಇಲ್ಲ.

ಹೊರನಾಡಿಗೆ ಹೋದ ಕನ್ನಡಿಗರ ಮನೆಯಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಮಧ್ಯಾಹ್ನ ಗಂಡ ಒಂದು ಕಡೆ ಡಬ್ಬಿ ಬಿಚ್ಚಿದರೆ ಹೆಂಡತಿ ಇನ್ನೊಂದು ಕಡೆ, ಮಕ್ಕಳು ಶಾಲೆಯಲ್ಲಿ. ಎಲ್ಲರೂ ಒಟ್ಟಿಗೆ ಕೂರುವುದು ರಾತ್ರಿಯೇ. ಊರಿನಲ್ಲಿ ಮಧ್ಯಾಹ್ನದ ಊಟಕ್ಕಿದ್ದ ಮರ್ಯಾದೆಯೆಲ್ಲ ಇಲ್ಲಿ ರಾತ್ರಿ ಊಟಕ್ಕೆ ಬಂತು. ಆದರೆ ಅದನ್ನು ಮಾಡಬೇಕಾದವರು ದಿನದಲ್ಲೇ ಹೆಚ್ಚು ದಣಿದಿರುವ ಹೊತ್ತು ಅದು. ದಿನವಿಡೀ ಬಾರದ ಗಿರಾಕಿಗಳೆಲ್ಲ ಕ್ಲೋಸಿಂಗ್ ಹೊತ್ತಿಗೆ ಕೌಂಟರಿಗೆ ಬಂದು ನಿಂತ ಹಾಗೆ. ಈ ಒಂದು ಗಂಟೆಯನ್ನು ನಮ್ಮ ಜನ ಹೇಗೆ ನಿಭಾಯಿಸಿದರು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ನಾನು ಕಂಡದ್ದು 1984ರಿಂದ ಈಚಿನದು, ಅದಕ್ಕೆ ಹಿಂದಿನದು ಹಿರಿಯರಿಂದ ಕೇಳಿದ್ದು.

ಮುಂಬಯಿಗೆ ಮೊದಲು ಬಂದವರಲ್ಲಿ ಬಹಳ ಮಂದಿ ಹೆಂಡಿರು ಮಕ್ಕಳನ್ನು ಊರಿನಲ್ಲೇ ಬಿಟ್ಟು ಬಂದ ಗಂಡಸರು. ಅವರ ರಾತ್ರಿ ಊಟ ಹೋಟೆಲಿನಲ್ಲಿ, ಇಲ್ಲವೇ ಖೋಲಿಯಲ್ಲಿ ಸರದಿ ಪ್ರಕಾರ ಬೇಯಿಸಿಕೊಂಡ ಅನ್ನ-ಸಾರು. ಮಾಟುಂಗಾದ ಸುತ್ತಮುತ್ತ ನಮ್ಮವರು ನೆಲೆ ಊರಿದ್ದರು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದೂ ಈ ನಗರದಲ್ಲೇ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಪಕ್ಕ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಲೆ ಹಾಕಿ, ಅನ್ನ, ಸಾರು, ಪಲ್ಯ ಬಡಿಸುವ ಜಾಗ. ಒಂಟಿ ಗಂಡಸರಿಗೆ ಅದು ಹೊಟ್ಟೆಯ ಪ್ರಶ್ನೆ ಮಾತ್ರ ಆಗಿರಲಿಲ್ಲ ಅಂತ ಹಳಬರು ಹೇಳುತ್ತಿದ್ದರು. ಊರಿನ ಕಾಗದ ಓದಿ ಹೇಳುವವರು, ಕೆಲಸ ಕೊಡಿಸುವವರು, ಸಾಲ ಕೊಡುವವರು ಎಲ್ಲರೂ ಅಂಥ ಪಂಕ್ತಿಯಲ್ಲೇ ಸಿಗುತ್ತಿದ್ದರಂತೆ.

ಅದು ಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಮುಂಬಯಿಗೆ ರೇಷನ್ ಬಂತು. ಇತ್ತ ಬೆಂಗಳೂರಿನ ಎಂ.ಟಿ.ಆರ್.ನವರು ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಲು ಹೊರಟದ್ದೂ ಆ ಯುದ್ಧದ ದಿನಗಳಲ್ಲೇ ಅಂತ ಅವರ ಮನೆತನದವರೇ ಹೇಳುತ್ತಾರೆ. ನೆನೆಸುವುದಿಲ್ಲ, ರುಬ್ಬುವುದಿಲ್ಲ, ಹುಳಿ ಬರಲು ರಾತ್ರಿಯಿಡೀ ಕಾಯುವುದೂ ಇಲ್ಲ. ಹುರಿದ ರವೆ, ಮೊಸರು, ಸೋಡಾ, ಒಂದು ಒಗ್ಗರಣೆ. ಬರಗಾಲದ ಈ ಉಪಾಯ ಮುಂದೆ ನಮ್ಮಂಥವರ ವಾರದ ನಡುವಿನ ರಾತ್ರಿಗಳನ್ನು ಎಷ್ಟು ಕಾಪಾಡಿತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಸ್ವಾತಂತ್ರ್ಯ ಬಂದ ಮೇಲೆ ಸಂಸಾರಗಳೂ ಒಂದೊಂದಾಗಿ ಬಂದವು. ಒಂದೇ ಕೋಣೆ, ಮೂಲೆಯಲ್ಲಿ ಮೋರಿ, ಅದರ ಪಕ್ಕ ಸೀಮೆಎಣ್ಣೆ ಸ್ಟವ್. ದಾದರಿನ ಚಾಳಿನಲ್ಲಿದ್ದ ನನ್ನ ದೊಡ್ಡಮ್ಮ ಒರಳುಕಲ್ಲನ್ನು ಊರಿನಿಂದ ತಂದಿದ್ದರು. ರಾತ್ರಿ ರುಬ್ಬಿದರೆ ಕೆಳಗಿನ ಮನೆಯವರು ಕೋಲಿನಿಂದ ಮಾಡು ಕುಟ್ಟುತ್ತಿದ್ದರಂತೆ. ಹಾಗಾಗಿ ಅರೆದು ಮಾಡುವ ಹುಳಿ, ಕೂಟು ಎಲ್ಲ ಭಾನುವಾರಕ್ಕೆ ಹೋದವು. ವಾರದ ದಿನಗಳಿಗೆ ಉಳಿದದ್ದು ಪುಡಿಯ ಅಡುಗೆ. ರೇಷನ್ನಿನಲ್ಲಿ ಅಕ್ಕಿ ಕಡಿಮೆ, ಗೋಧಿ ಹೆಚ್ಚು ಸಿಕ್ಕಿದ್ದರಿಂದ ರಾತ್ರಿಗೆ ಚಪಾತಿಯ ರೂಢಿ ಬಿದ್ದದ್ದೂ ಆಗಲೇ. ಈಗ ಅದನ್ನು ಡಾಕ್ಟರು ಹೇಳಿದ್ದು ಅಂತ ತಿನ್ನುತ್ತೇವೆ, ಅಷ್ಟೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡಾಗ ಸೋಮವಾರ ರಾತ್ರಿ ಹೋಟೆಲುಗಳೂ ಬಾಗಿಲು ಹಾಕಿದವು. ಆ ಸೋಮವಾರಗಳಲ್ಲೇ ನೆರೆಮನೆಯ ಮರಾಠಿ ಹೆಂಗಸರಿಂದ ಸಾಬೂದಾಣೆ ಖಿಚಡಿ ಕಲಿತೆ ಅಂತ ದೊಡ್ಡಮ್ಮ ಹೇಳುತ್ತಿದ್ದರು.

ಯಂತ್ರಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂಬಯಿಯಲ್ಲಿ ಹಾಕಿನ್ಸ್ ಕಂಪನಿ ಶುರುವಾದದ್ದು 1959ರಲ್ಲಿ. ಅದೇ ಹೊತ್ತಿಗೆ ಟಿಟಿಕೆಯವರ ಪ್ರೆಸ್ಟೀಜ್ ಕುಕ್ಕರೂ ಬಂತು. ಸೀಮೆನ್ಸ್ ಕಂಪನಿಯ ಎಂಜಿನಿಯರ್ ಎಸ್. ಪಿ. ಮಾಥುರ್ ಅವರ ಮನೆಯಲ್ಲಿ ವಿದೇಶಿ ಮಿಕ್ಸಿ ನಮ್ಮ ಮಸಾಲೆ ಅರೆಯಲಾರದೆ ಸುಟ್ಟುಹೋಯಿತು. ಅದೇ ನೆಪವಾಗಿ ಅವರು ಸುಮೀತ್ ಮಿಕ್ಸಿ ಮಾಡಿದರು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು; ನಾನು ಸಂಸಾರ ಹೂಡಿದಾಗಲೂ ಅದೇ ಸ್ಥಿತಿ. ಈ ಮೂರೂ ಮನೆಗೆ ಬಂದ ಮೇಲೆ ದೊಡ್ಡಮ್ಮನ ಕಾಲದ ಎರಡು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಆದರೆ ಅದೇ ಹೊತ್ತಿಗೆ ಹೆಂಗಸರೂ ಕೆಲಸಕ್ಕೆ ಹೊರಟಿದ್ದರು. ಉಳಿದ ಸಮಯವೆಲ್ಲ ರೈಲಿನ ಪಾಲಾಯಿತು.

1969ರ ಜುಲೈಯಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಅದರಲ್ಲಿದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಕೂಡ ಸೇರಿದವು. ಶಾಖೆಗಳು ದೇಶದ ಮೂಲೆಮೂಲೆಗೆ ಹೋದ ಹಾಗೆ ಕನ್ನಡದ ಸಂಸಾರಗಳೂ ಹೋದವು. ಇವತ್ತು ಈ ನಾಲ್ಕರಲ್ಲಿ ಹೆಸರು ಉಳಿದಿರುವುದು ಕೆನರಾ ಒಂದಕ್ಕೇ. ನಾನೂ ಅಂಥ ವರ್ಗಾವಣೆಗಳ ಗಿರಾಕಿಯೇ: ಮುಂಬಯಿ, ಹೈದರಾಬಾದ್, ದೆಹಲಿ, ಮತ್ತೆ ಮುಂಬಯಿ. ನನ್ನಾಕೆ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಳು. ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಆಫೀಸು. ಏಳು ಹತ್ತಕ್ಕೆ ಲೋಕಲ್ ಇಳಿದರೆ ಮನೆ ಸೇರುವುದು ಏಳೂವರೆಗೆ.

ಮುಂಬಯಿ ಲೋಕಲಿನ ಲೇಡೀಸ್ ಡಬ್ಬಿಯನ್ನು ನೋಡದವರಿಗೆ ಹೇಳಿದರೆ ನಂಬುವುದು ಕಷ್ಟ. ಸಂಜೆ ವಿ.ಟಿ.ಯಿಂದ ಹೊರಟ ಗಾಡಿಯಲ್ಲಿ ಸೀಟು ಸಿಕ್ಕ ಹೆಂಗಸರು ಮಡಿಲಲ್ಲಿ ಪೇಪರು ಹಾಸಿ ಬಟಾಣಿ ಸುಲಿಯುತ್ತಿದ್ದರು, ಮೆಂತ್ಯಸೊಪ್ಪು ಬಿಡಿಸುತ್ತಿದ್ದರು, ಚಾಕು ಇದ್ದವರು ಹುರುಳಿಕಾಯಿ ಹೆಚ್ಚುತ್ತಿದ್ದರು. ಸಿಪ್ಪೆ ಒಂದು ಚೀಲಕ್ಕೆ, ಕಾಳು ಒಂದು ಚೀಲಕ್ಕೆ. ಠಾಣೆ ಬರುವಷ್ಟರಲ್ಲಿ ಅರ್ಧ ಅಡುಗೆ ಆದ ಹಾಗೇ. 1992ರ ಮೇ 5ರಂದು ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಮೊದಲ ಲೇಡೀಸ್ ಸ್ಪೆಷಲ್ ಗಾಡಿ ಓಡಿತು. ಪೇಪರಿನವರು ಅದನ್ನು ಮಹಿಳೆಯರ ಸುರಕ್ಷತೆಯ ದೃಷ್ಟಿಯಿಂದ ಬರೆದರು, ಸರಿಯೇ. ಆದರೆ ಅದೊಂದು ಓಡುವ ಅಡುಗೆಮನೆಯೂ ಆಗಿತ್ತು. ಮೆಂತ್ಯಬಾತಿನ ಲೆಕ್ಕ, ಮೇಥಿ ಪರಾಠದ ಲೆಕ್ಕ ಎರಡೂ ಒಂದೇ ಸೀಟಿನಲ್ಲಿ ಕೈ ಬದಲಾಯಿಸುತ್ತಿದ್ದವು. ನಮ್ಮ ಮನೆಗೆ ಗುಜರಾತಿ ಹಾಂಡ್ವೋ ಬಂದದ್ದು ಹೀಗೆ. ಗಂಡಸರ ಡಬ್ಬಿಯಲ್ಲಿ ನಾವು ಇಸ್ಪೀಟು ಆಡುತ್ತಿದ್ದೆವು.

ಇನ್ನರ್ಧ ಅಡುಗೆ ಊರಿನಲ್ಲೇ ಆಗಿರುತ್ತಿತ್ತು. ಬೇಸಿಗೆ ರಜೆಯಿಂದ ಮರಳುವಾಗ ಹಾರ್ಲಿಕ್ಸ್ ಬಾಟಲಿಗಳಲ್ಲಿ ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು. ಡಬ್ಬದಲ್ಲಿ ಹಪ್ಪಳ, ಬಾಳಕದ ಮೆಣಸು. ಏಪ್ರಿಲ್ ಬಿಸಿಲಿನಲ್ಲಿ ಅಮ್ಮ, ಅತ್ತಿಗೆಯಂದಿರು ನಾಲ್ಕು ದಿನ ಬೆನ್ನು ಬಗ್ಗಿಸಿ ದುಡಿದದ್ದರಿಂದ ನಮ್ಮ ಅಕ್ಟೋಬರಿನ ಬುಧವಾರ ರಾತ್ರಿ ಹತ್ತು ನಿಮಿಷದಲ್ಲಿ ಸಾರು ಆಗುತ್ತಿತ್ತು. ಸುಲಭದ ಅಡುಗೆ ಅಂತ ನಾವು ಹೇಳುತ್ತಿದ್ದ ಯಾವುದೂ ಕೆಲಸವಿಲ್ಲದ ಅಡುಗೆ ಆಗಿರಲಿಲ್ಲ. ಆ ಕೆಲಸವನ್ನು ಬೇರೆ ಯಾರೋ, ಬೇರೆಲ್ಲೋ, ಮೊದಲೇ ಮಾಡಿಟ್ಟಿರುತ್ತಿದ್ದರು. ಲೆಡ್ಜರಿನಲ್ಲಿ ಒಂದು ಕಡೆ ಜಮೆ ಕಂಡರೆ ಇನ್ನೊಂದು ಕಡೆ ಖರ್ಚು ಇರಲೇಬೇಕಲ್ಲ.

ಕೆಲವು ಕಾಲದ ನಂತರ ಆ ಖರ್ಚನ್ನು ಕಾರ್ಖಾನೆಯೂ ಹಂಚಿಕೊಂಡಿತು. ಪುಣೆಯ ಗಿಟ್ಸ್ ಕಂಪನಿ 1963ರಲ್ಲೇ ಇತ್ತು. ಎಂ.ಟಿ.ಆರ್. ಮಿಕ್ಸಿನ ಹಿನ್ನೆಲೆ ಮಾತ್ರ ಸ್ವಾರಸ್ಯದ್ದು. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರವನ್ನು ತೀರಾ ಕೆಳಕ್ಕೆ ಕಟ್ಟಿಹಾಕಿತು. ಗುಣಮಟ್ಟ ಇಳಿಸಲು ಒಪ್ಪದ ಎಂ.ಟಿ.ಆರ್.ನವರು ಹೋಟೆಲ್ ಮುಚ್ಚಿದರು, ಆದರೆ ಕೆಲಸಗಾರರನ್ನು ಬಿಡದೆ ಮಸಾಲೆಪುಡಿ, ರೆಡಿ ಮಿಕ್ಸುಗಳ ಕಡೆ ಹೊರಳಿದರು. ಯುದ್ಧಕಾಲದ ಆ ರವೆ ಇಡ್ಲಿ ಹೀಗೆ ಪೊಟ್ಟಣಕ್ಕೆ ಬಂತು. ದೆಹಲಿಯ ಚಳಿಗಾಲದಲ್ಲಿ ಉದ್ದಿನ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ. ಅಲ್ಲಿದ್ದ ನಾಲ್ಕು ಚಳಿಗಾಲ ನಮ್ಮನ್ನು ಕಾಪಾಡಿದ್ದು ಆ ಪೊಟ್ಟಣವೇ. ಮೇಲೆ ಎರಡು ಗೋಡಂಬಿ, ತುರಿದ ಕ್ಯಾರೆಟ್ ಇಟ್ಟು ಬೇಯಿಸಿದರೆ ಪಂಜಾಬಿ ನೆರೆಯವರು ಕೇಕ್ ನೋಡಿದ ಹಾಗೆ ನೋಡುತ್ತಿದ್ದರು. ಆ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಊರಿನವರಿಗೆ ಬೇಜಾರಾಗಿರಬಹುದು. ಹೊರನಾಡಿನವರಿಗೆ ಪೊಟ್ಟಣ ಸಿಕ್ಕರೆ ಸಾಕಿತ್ತು.

ನೆಂಟರ ವಿಷಯ ಹೇಳಲೇಬೇಕು. ಹೊರನಾಡಿನ ಮನೆಗೆ ಅತಿಥಿಗಳು ಭಾನುವಾರ ನೋಡಿಕೊಂಡು ಬರುತ್ತಿರಲಿಲ್ಲ. ಇಂಟರ್ವ್ಯೂಗೆ ಬಂದ ಹುಡುಗ, ಟಾಟಾ ಆಸ್ಪತ್ರೆಗೆ ಬಂದ ದೂರದ ಸಂಬಂಧಿಕರು, ಊಟಕ್ಕೆ ಬರುತ್ತೇನೆಂದು ಸಂಜೆ ಐದಕ್ಕೆ ಫೋನ್ ಮಾಡುವ ಸಹೋದ್ಯೋಗಿ. ಇವರ ಮುಂದೆ ಮಾನ ಉಳಿಸಿಕೊಳ್ಳಬೇಕು, ಗಡಿಯಾರವನ್ನೂ ನೋಡಬೇಕು. ಇದಕ್ಕೆ ನಮ್ಮ ಮುಂಬಯಿ ಬಳಗದ ಮನೆಗಳಲ್ಲೆಲ್ಲ ಒಂದೇ ಉತ್ತರ, ಬಿಸಿಬೇಳೆ ಬಾತು. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ, ಆರು ಲೋಟ ನೀರು, ಅರಿಸಿನ, ರೈಲಿನಲ್ಲಿ ಹೆಚ್ಚಿದ ತರಕಾರಿ. ಕುಕ್ಕರ್ ಐದು ಸಲ ಕೂಗಲಿ. ಹುಣಸೆರಸ, ಪುಡಿ, ಉಪ್ಪು, ಬೆಲ್ಲವನ್ನು ಬೇರೆ ಕುದಿಸಿ ಆಮೇಲೆ ಸೇರಿಸಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಹಟ ಹಿಡಿದು ಬೇಯುವುದಿಲ್ಲ. ಬಡಿಸುವ ಮುಂಚೆ ತುಪ್ಪದ ಒಗ್ಗರಣೆ ಎಲ್ಲರ ಕಣ್ಣೆದುರೇ ಚುಂಯ್ ಅನ್ನಬೇಕು. ಅಂಗಡಿಯ ಖಾರಾಬೂಂದಿ ಪಕ್ಕಕ್ಕೆ. ಒಂದೇ ಪಾತ್ರೆ, ನಲವತ್ತು ನಿಮಿಷ. ಬಂದವರು ಹಬ್ಬದೂಟ ಮಾಡಿದ ಹಾಗೆ ಎದ್ದು ಹೋಗುತ್ತಿದ್ದರು. ಮದ್ರಾಸಿನಿಂದ ವರ್ಗವಾಗಿ ಬಂದ ತಮಿಳು ಮ್ಯಾನೇಜರೊಬ್ಬರು ಇದು ನಮ್ಮ ಸಾಂಬಾರ್ ಸಾದಂ ತಾನೇ ಎಂದರು. ನನ್ನಾಕೆ ಅವರಿಗೆ ಎರಡನೇ ಸಲ ಬಡಿಸಿ, "ಈಗ ಹೇಳಿ ಸಾರ್" ಅಂದಳು. ವಾದ ಅಲ್ಲಿಗೆ ನಿಂತಿತು.

ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಆಶ್ಚರ್ಯ ತಂಬುಳಿಯದು. ಊರಿನಲ್ಲಿ ಯಾರೂ ಲೆಕ್ಕಕ್ಕಿಡದ ವಸ್ತು. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಮುಂಬಯಿಯ ಮಳೆಗೆ ಕಳೆಯ ಹಾಗೆ ಬೆಳೆಯುತ್ತದೆ. ಏಳೆಂಟು ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ತೆಂಗಿನತುರಿ ಜೊತೆ ಅರೆದು, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಹಾಕಿದರೆ ಆಯಿತು. ಕುದಿಸುವ ಕೆಲಸವೇ ಇಲ್ಲ. ಮರಾಠಿ, ಪಂಜಾಬಿ ಮಿತ್ರರು ಇದೇನು ರಾಯತಾ ಅಂತ ಕೇಳಿ, ಕೊನೆಗೆ ಲೋಟದಲ್ಲಿ ಕೇಳಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ಊರಿನ ಬಡ ರಾತ್ರಿಯೂಟ ಇಲ್ಲಿ ಅತಿಥಿಗಳ ಮುಂದಿಡುವ ವಿಶೇಷವಾಯಿತು.

ಇಂಥದ್ದು ಬೇರೆ ನಗರಗಳಲ್ಲೂ ಕಂಡಿದ್ದೇನೆ. ಹೈದರಾಬಾದಿನಲ್ಲಿ ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಹಳೆಯ ಕಾಲದಿಂದ ಇದ್ದಾರೆ. 1956ರವರೆಗೆ ಅದು ಅವರ ರಾಜ್ಯದ ರಾಜಧಾನಿಯೇ ಆಗಿತ್ತಲ್ಲ. ಅವರ ಮನೆಯಲ್ಲಿ ರಾತ್ರಿ ಎಂಟಕ್ಕೆ ಹೋದರೂ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿಪುಡಿ ಸಿದ್ಧ. ಕಟಕಟಿ ರೊಟ್ಟಿಯ ಗಂಟು ಊರಿನಿಂದ ಬಂದಿರುತ್ತಿತ್ತು, ಕಡಲೆಹಿಟ್ಟಿನ ಜುಣಕಕ್ಕೆ ಹತ್ತೇ ನಿಮಿಷ. ಆ ಜುಣಕವೇ ಪುಣೆಯಲ್ಲಿ ಪಿಠಲ. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ ಭಾಕರ್ ಕೊಡುವ ಕೇಂದ್ರಗಳನ್ನು ತೆರೆದಾಗ ನನ್ನ ವಿಜಯಪುರದ ಮಿತ್ರರು, "ನಮ್ಮ ಮನೀ ಊಟಾನ ಸರ್ಕಾರದವ್ರು ಮಾರಾಕ ಹತ್ಯಾರ" ಅಂತ ನಗುತ್ತಿದ್ದರು. ದೆಹಲಿಯಲ್ಲಿ ತೆಂಗಿನಕಾಯಿ, ಕರಿಬೇವಿಗೆ ಐ.ಎನ್.ಎ. ಮಾರ್ಕೆಟ್ಟಿಗೆ ಹೋಗಬೇಕಿತ್ತು. ಅದಕ್ಕೇ ಅಲ್ಲಿ ತೆಂಗಿಲ್ಲದ ಅಡುಗೆ ಹೆಚ್ಚು ಕಲಿತೆವು.

ಈಗ ಬೆರಳು ಒತ್ತಿದರೆ ಹಿಟ್ಟೂ ಬರುತ್ತದೆ, ದೋಸೆಯೂ ಬರುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ದೊಡ್ಡಮ್ಮ ಇದ್ದಿದ್ದರೆ ಮೊದಲು ತರಿಸುತ್ತಿದ್ದವರು ಅವರೇ. ಊರಿನಿಂದ ಪುಡಿ ಬರುವುದು ಅಮ್ಮ ತೀರಿಕೊಂಡ ವರ್ಷಕ್ಕೆ ನಿಂತಿತು. ನಿವೃತ್ತಿಯ ನಂತರ ಅದು ನನ್ನ ಖಾತೆಗೆ ಬಂದಿದೆ. ವರ್ಷಕ್ಕೆ ಎರಡು ಸಲ ಮಾಟುಂಗಾಕ್ಕೆ ಹೋಗಿ ಸಾಮಾನು ತರುತ್ತೇನೆ. ಕೊತ್ತಂಬರಿ ಬೀಜ ಕಾಲು ಕಿಲೊ, ಬ್ಯಾಡಗಿ ಮೆಣಸಿನಕಾಯಿ ಕಾಲು ಕಿಲೊ, ಜೀರಿಗೆ 50 ಗ್ರಾಂ, ಕಾಳುಮೆಣಸು, ಮೆಂತ್ಯ, ಸಾಸಿವೆ 25 ಗ್ರಾಂನಂತೆ, ಎರಡು ಹಿಡಿ ಕರಿಬೇವು, ಒಂದು ಚೂರು ಇಂಗು. ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತ್ಯ ಕೆಂಪಗಾದ ಕೂಡಲೇ ಇಳಿಸಬೇಕು, ಕಪ್ಪಾದರೆ ಕಹಿ. ಹುರಿಯಲು ಒಂದು ಮುಂಜಾನೆ, ಆರಲು ಒಂದು ಗಂಟೆ, ಪುಡಿ ಮಾಡಲು ಅರ್ಧ ಗಂಟೆ. ಪುಣೆಯಲ್ಲಿರುವ ಮಗಳಿಗೆ ಎರಡು ಬಾಟಲಿ, ಹೈದರಾಬಾದಿನ ಮಗನಿಗೆ ಎರಡು. ಅವರ ಬುಧವಾರ ರಾತ್ರಿಗೆ ಅಷ್ಟು ಸಾಕಾಗುತ್ತದೆ ಅಂತ ಇಬ್ಬರೂ ಹೇಳುತ್ತಾರೆ. ಈ ಸಲ ಅಳಿಯನೇ ಫೋನ್ ಮಾಡಿ, ಮೂರನೆಯದೊಂದು ಬಾಟಲಿ ಇದೆಯಾ ಮಾವ ಅಂತ ಕೇಳಿದ.