ರಾಕ್ ಗಾಯಕನ ಪ್ರಣಯಕಥೆಗೆ ಒಂದು ಪೂರ್ವಪೀಠಿಕೆ

ಕೈಲಿ ಸ್ಕಾಟರ 'ಲಿಕ್' (2013) ಮೊದಲಾದ, ರಾಕ್ ಸಂಗೀತಗಾರನೇ ನಾಯಕನಾದ ಇಂಗ್ಲಿಷ್ ಪ್ರಣಯ ಕಾದಂಬರಿಗಳನ್ನು ಕೇವಲ ಅಂಗಡಿಯ ಸರಕೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ಪ್ರಸಿದ್ಧ ಪುರುಷನನ್ನು ಪ್ರೇಮಕಥೆಗೆ ಎಳೆದು ತರುವ ಈ ಪರಿಪಾಠ ಹಳೆಯದು. 1816ರಲ್ಲಿ ಲೇಡಿ ಕ್ಯಾರೊಲಿನ್ ಲ್ಯಾಂಬ್, ತನ್ನನ್ನು ತೊರೆದ ಕವಿ ಬೈರನ್ನನನ್ನು ಹೆಸರು ಮರೆಸಿ 'ಗ್ಲೆನಾರ್ವನ್' ಕಾದಂಬರಿಯ ನಾಯಕನನ್ನಾಗಿಸಿದಳು. ಪುಸ್ತಕದ ಮೇಲೆ ಲೇಖಕಿಯ ಹೆಸರಿರಲಿಲ್ಲ. ಆದರೂ ಗುಟ್ಟು ನಿಲ್ಲಲಿಲ್ಲ. ಲಂಡನ್ನಿನ ಕುಲೀನ ಸಮಾಜ ಆಕೆಗೆ ಬಾಗಿಲು ಮುಚ್ಚಿತು.

2013ರಲ್ಲಿ ಅಮೆರಿಕದ ಆನಾ ಟಾಡ್ ವಾಟ್‌ಪ್ಯಾಡಿನಲ್ಲಿ 'ಆಫ್ಟರ್' ಕಥೆಯನ್ನು ಕಂತುಕಂತಾಗಿ ಬರೆಯತೊಡಗಿದರು. ಅದರ ನಾಯಕ ಗಾಯಕ ಹ್ಯಾರಿ ಸ್ಟೈಲ್ಸನ ಪ್ರತಿರೂಪ. ಕಥೆಯೊಳಗೆ ಮಾತ್ರ ಆತ ಕಾಲೇಜು ವಿದ್ಯಾರ್ಥಿ! 2014ರಲ್ಲಿ ಮುದ್ರಣಗೊಂಡಾಗ ಆತನ ಹೆಸರು ಹಾರ್ಡಿನ್ ಎಂದಾಯಿತು. ಬಲ್ಲ ಪುರುಷನನ್ನು ಬರೆದ ಲ್ಯಾಂಬಳಿಗೆ ದೊರೆತದ್ದು ಬಹಿಷ್ಕಾರ. ದೂರದ ತಾರೆಯನ್ನು ಕಲ್ಪಿಸಿಕೊಂಡ ಟಾಡರ ಕಥೆ 2019ರಲ್ಲಿ ಚಲನಚಿತ್ರವಾಯಿತು.