ಅಕ್ರೋಟು ಕಾಡಿನ ಪಾಲುದಾರರು

ಮೊನ್ನೆ ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಅಕ್ರೋಟು ಕೊಳ್ಳುತ್ತಾ ಸುಮ್ಮನೆ ಕೇಳಿದೆ, "ಇದು ಎಲ್ಲಿಂದ ಬರತ್ತೆ?" ಅಂತ. "ಇದು ಕಾಶ್ಮೀರದ್ದು ಸಾರ್, ಆ ಡಬ್ಬಿಯಲ್ಲಿರೋದು ಚಿಲಿದು, ಪಕ್ಕದ್ದು ಕ್ಯಾಲಿಫೋರ್ನಿಯಾದು" ಅಂದ ಅಂಗಡಿಯವ. ಯಾವುದು ಒಳ್ಳೇದು ಅಂತ ಕೇಳಿದ್ದಕ್ಕೆ ಅವನ ಉತ್ತರ ಒಂದೇ ಮಾತು: "ಬೆಳ್ಳಗಿರೋದು ತಗೊಳ್ಳಿ."

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ. ಯಾಕಂದ್ರೆ ಕೆಲವು ತಿಂಗಳಿಂದ ನಾನು ಓದುತ್ತಿದ್ದದ್ದು ಇನ್ನೊಂದು ಅಕ್ರೋಟಿನ ಕಥೆ. ಅದು ತೋಟದ್ದಲ್ಲ, ಕಾಡಿನದು. ಆ ಕಥೆಯಲ್ಲೂ ಬಿಳುಪಿಗೆ ಒಂದು ಬೆಲೆ, ಕಪ್ಪಿಗೆ ಇನ್ನೊಂದು ಬೆಲೆ. ನಾನು ಆ ಊರಿಗೆ ಹೋದವನಲ್ಲ, ಓದಿ ತಿಳಿದದ್ದಷ್ಟೇ. ಆದರೂ ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಅನ್ನಿಸಿತು.

ಕಿರ್ಗಿಸ್ತಾನದ ದಕ್ಷಿಣಕ್ಕೆ ಜಲಾಲ್‌ಅಬಾದ್ ಅಂತ ಒಂದು ಪ್ರಾಂತ್ಯ. ಅಲ್ಲಿ ಫರ್ಗಾನಾ ಬೆಟ್ಟಸಾಲಿನ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1000ದಿಂದ 2000 ಮೀಟರ್ ಎತ್ತರದಲ್ಲಿ, ಸಾವಿರಾರು ಹೆಕ್ಟೇರ್ ಉದ್ದಗಲಕ್ಕೆ ಅಕ್ರೋಟು ಮರಗಳದ್ದೇ ಕಾಡು. ಮಧ್ಯೆ ಮಧ್ಯೆ ಕಾಡು ಸೇಬು, ಪ್ಲಮ್ಮು, ಮೇಪಲ್ ಮರಗಳು. ಅದರ ನಡುವಿನ ದೊಡ್ಡ ಊರು ಅರ್ಸ್ಲಾನ್‌ಬೊಬ್. ದೇಶ ಕಿರ್ಗಿಸ್ತಾನವಾದರೂ ಆ ಊರಿನ ಬಹುಪಾಲು ಜನ ಉಜ್ಬೆಕರು. ಹತ್ತಿರದ ಕಿಜಿಲ್ ಉಂಕುರ್ ಥರದ ಊರುಗಳಲ್ಲಿ ಕಿರ್ಗಿಜರು. ಕಿರ್ಗಿಜರು ಅಕ್ರೋಟಿಗೆ ಜಂಗಾಕ್ ಅನ್ನುತ್ತಾರೆ, ಉಜ್ಬೆಕರು ಯೊಂಗೊಕ್. ರಷ್ಯನ್ನರು ಮಾತ್ರ 'ಗ್ರೀಕರ ಕಾಯಿ' ಅನ್ನುತ್ತಾರೆ. ಅಲೆಕ್ಸಾಂಡರನ ಸೈನಿಕರು ಇಲ್ಲಿಂದಲೇ ಈ ಕಾಯಿಯನ್ನು ಗ್ರೀಸಿಗೆ ಒಯ್ದರು ಅಂತ ಊರವರು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಇತಿಹಾಸ ಅಂತ ಹೇಳಲಾಗದು :)

ಊರಿಗೆ ಹೆಸರು ಕೊಟ್ಟ ಸಂತನದ್ದು ಇನ್ನೊಂದು ಕಥೆ. ಪ್ರವಾದಿಯವರು ಭೂಮಿಯ ಮೇಲೆ ಸ್ವರ್ಗದಂಥ ಜಾಗ ಹುಡುಕು ಅಂತ ಒಬ್ಬನನ್ನು ಕಳಿಸಿದರಂತೆ. ಅವನಿಗೆ ನೀರು, ಬೆಟ್ಟ, ಗಾಳಿ ಎಲ್ಲ ಇರುವ ಕಣಿವೆ ಸಿಕ್ಕಿತು, ಆದರೆ ಮರವೇ ಇಲ್ಲ. ಆಗ ಅವನಿಗೆ ಬೀಜಗಳು ಬಂದವಂತೆ, ಬೆಟ್ಟ ಹತ್ತಿ ಅವನ್ನು ಚೆಲ್ಲಿದನಂತೆ. ವಿಜ್ಞಾನಿಗಳು ಬಹಳ ಕಾಲ ಇದನ್ನು ನಂಬಲಿಲ್ಲ, ಇದು ಹಿಮಯುಗಕ್ಕೂ ಹಿಂದಿನ ಕಾಡಿನ ಉಳಿಕೆ ಎಂದೇ ಬರೆದರು. ಆದರೆ ಅಲ್ಲಿನ ಕೆರೆಗಳ ಕೆಸರಿನಲ್ಲಿ ಸಿಕ್ಕ ಹಳೆಯ ಪರಾಗವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದನ್ನೇ ಹೇಳಿತು. ಅಕ್ರೋಟು ಅಲ್ಲಿ ಹಬ್ಬಿದ್ದು ಕಳೆದ ಒಂದೆರಡು ಸಾವಿರ ವರ್ಷಗಳಲ್ಲಿ, ಬಹುಶಃ ಮನುಷ್ಯರ ಕೈಯಿಂದಲೇ, ಅಂತ. ಅಂದರೆ ಯಾರೋ ಬೀಜ ಚೆಲ್ಲಿದರು ಅನ್ನುವ ಅಜ್ಜಿಕಥೆಯೇ ನಿಜಕ್ಕೆ ಹತ್ತಿರ!

ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಕೊಯ್ಲಿಗೆ ಬರೋಣ. ಸೆಪ್ಟೆಂಬರ್ ಕೊನೆಗೆ ಕಾಯಿ ಬಲಿಯುತ್ತದೆ. ಆಗ ಊರಿಗೆ ಊರೇ ಕಾಡಿಗೆ ಹೊರಡುತ್ತದೆ. ಹಾಸಿಗೆ, ಪಾತ್ರೆ, ಹಿಟ್ಟು, ಕತ್ತೆ, ಹಸು ಎಲ್ಲ ಸಮೇತ! ಡೇರೆ ಹಾಕಿಕೊಂಡು ವಾರಗಟ್ಟಲೆ ಮರದ ಬುಡದಲ್ಲೇ ಸಂಸಾರ. ಗಟ್ಟಿಮುಟ್ಟಾದ ಹುಡುಗರು ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಾರೆ. ಹೆಂಗಸರು, ಮಕ್ಕಳು, ಮುದುಕರು ಕೆಳಗೆ ಆರಿಸುತ್ತಾರೆ. ಮರಗಳು ಎತ್ತರ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಅಭ್ಯಾಸ ಎಲ್ಲರಿಗೂ ಇಲ್ಲ. ಬಿದ್ದು ಕೈಕಾಲು ಮುರಿದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ಹಸಿರು ಸಿಪ್ಪೆಯ ರಸ ತಾಗಿ ಎಲ್ಲರ ಅಂಗೈಯೂ ಕಂದುಗಪ್ಪು. ನಮ್ಮ ಕಡೆ ಹಸಿ ಗೇರುಬೀಜ ಸುಲಿದವರಿಗೆ ಕೈ ಹೇಗಾಗುತ್ತದೆ ಅಂತ ಗೊತ್ತಿರುತ್ತದೆ, ಅದೇ ಥರ. ತಿಂಗಳಾದರೂ ಹೋಗುವುದಿಲ್ಲ. ಶಾಲೆಯಲ್ಲಿ ಯಾವ ಮಗು ಕಾಡಿಗೆ ಹೋಗಿತ್ತು ಅಂತ ಕೇಳಬೇಕಾಗಿಲ್ಲ, ಕೈ ನೋಡಿದರೆ ಸಾಕು.

ಹಾಗಾದರೆ ಆ ಕಾಡು ಯಾರದು? ಇತಿಹಾಸ ಶುರುವಾಗುವುದೇ ಇಲ್ಲಿ.

1876ರಲ್ಲಿ ರಷ್ಯಾದ ಝಾರ್ ಚಕ್ರವರ್ತಿ ಕೋಕಂದ್ ಖಾನರ ರಾಜ್ಯವನ್ನು ಮುಗಿಸಿ ಫರ್ಗಾನಾವನ್ನು ಸೇರಿಸಿಕೊಂಡ. ಕಾಡು ಸರ್ಕಾರದ್ದಾಯಿತು. ಆ ಕಾಲದ ವ್ಯಾಪಾರಿಗಳ ಕಣ್ಣು ಕಾಯಿಗಿಂತ ಮರದ ಗಂಟಿನ ಮೇಲಿತ್ತು. ಹಳೆಯ ಅಕ್ರೋಟು ಮರದ ಕಾಂಡದ ಮೇಲೆ ದೊಡ್ಡ ಗಂಟುಗಳು ಬೆಳೆಯುತ್ತವೆ. ಅದನ್ನು ತೆಳ್ಳಗೆ ಸೀಳಿದರೆ ಒಳಗೆ ಚಿತ್ತಾರ. ಯೂರೋಪಿನ ಸಿರಿವಂತರ ಪೀಠೋಪಕರಣಗಳಿಗೆ ಅದು ಬೇಕಿತ್ತು. ಗಂಟು ಕತ್ತರಿಸಿದ ಎಷ್ಟೋ ಮರಗಳು ಸತ್ತವು.

ಸೋವಿಯತ್ ಕಾಲದಲ್ಲಿ ಲೆಕ್ಕ ಬದಲಾಯಿತು. 1940ರ ದಶಕದಲ್ಲಿ ವಿ. ಎನ್. ಸುಕಚೋವ್ ಎಂಬ ಹೆಸರಾಂತ ಅರಣ್ಯ ವಿಜ್ಞಾನಿಯ ನೇತೃತ್ವದ ತಂಡ ಈ ಕಾಡನ್ನು ಅಧ್ಯಯನ ಮಾಡಿತು. ಕಾಡಿನ ಆಡಳಿತ 'ಲೆಸ್‌ಖೋಜ್'ಗಳ ಕೈಗೆ ಬಂತು. ಲೆಸ್‌ಖೋಜ್ ಅಂದರೆ ಸರ್ಕಾರಿ ಅರಣ್ಯ ಉದ್ಯಮ, ನಮ್ಮ ಅರಣ್ಯ ಇಲಾಖೆ ಮತ್ತು ಕಾರ್ಖಾನೆ ಎರಡೂ ಸೇರಿದ ಹಾಗೆ. ಊರವರು ಅದರ ಸಂಬಳದ ಕೆಲಸಗಾರರು. ಇಷ್ಟು ಕಾಯಿ ಕೊಡಬೇಕು ಅಂತ ಯೋಜನೆಯ ಗುರಿ, ಕೊಳ್ಳುವವರು ಒಬ್ಬರೇ, ಬೆಲೆಯೂ ಒಂದೇ. ಚೌಕಾಸಿಗೆ ಜಾಗವೇ ಇಲ್ಲ! ಆದರೆ ಪ್ರತಿಯಾಗಿ ಬೆಟ್ಟಕ್ಕೆ ಗೋಧಿ ಬರುತ್ತಿತ್ತು, ಚಳಿಗಾಲಕ್ಕೆ ಕಲ್ಲಿದ್ದಲು ಬರುತ್ತಿತ್ತು. ಅಕ್ರೋಟು ಮಾರದಿದ್ದರೂ ಮನೆಯಲ್ಲಿ ಒಲೆ ಉರಿಯುತ್ತಿತ್ತು.

1991ರ ಆಗಸ್ಟ್ 31ರಂದು ಕಿರ್ಗಿಸ್ತಾನ ಸ್ವತಂತ್ರವಾಯಿತು. ಸಂಬಳ ನಿಂತಿತು, ಕಲ್ಲಿದ್ದಲು ನಿಂತಿತು. 1993ರಲ್ಲಿ 'ಸೋಮ್' ಎಂಬ ಹೊಸ ನಾಣ್ಯ ಬಂತು, ಆದರೆ ಬೆಟ್ಟದ ಊರಿನಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. ಆಗ ದುಡ್ಡಿನ ಜಾಗಕ್ಕೆ ಬಂದದ್ದು ಅಕ್ರೋಟು. ಅಂಗಡಿಗೆ ಹೋಗಿ ಕಾಯಿ ತೂಗಿ ಕೊಟ್ಟರೆ ಹಿಟ್ಟು, ಸಕ್ಕರೆ, ಎಣ್ಣೆ. ಮಕ್ಕಳು ಜೇಬಿನಲ್ಲಿ ಕಾಯಿ ತಂದು ಮಿಠಾಯಿ ಕೊಳ್ಳುತ್ತಿದ್ದರು. ಅಡಿಕೆ, ಭತ್ತ ಅಳೆದುಕೊಟ್ಟು ಸಾಮಾನು ತಂದ ನಮ್ಮ ಅಜ್ಜಂದಿರ ಕಾಲದ ಹಾಗೆ ಅಲ್ವಾ?

ಲೆಸ್‌ಖೋಜ್ ಮಾತ್ರ ಉಳಿಯಿತು, ಕಾಡೂ ಸರ್ಕಾರದ್ದೇ ಆಗಿ ಉಳಿಯಿತು. ಮನೆಗಳಿಗೆ ಮರದ ತುಂಡುಗಳನ್ನು ಗೇಣಿಗೆ ಕೊಡಲು ಶುರುಮಾಡಿದರು. ಗೇಣಿ ದುಡ್ಡಿನಲ್ಲಿ, ಇಲ್ಲವೇ ಬೆಳೆಯ ಒಂದು ಪಾಲಿನಲ್ಲಿ. 1995ರಿಂದ ಸ್ವಿಜರ್ಲೆಂಡಿನ ನೆರವಿನ ಅರಣ್ಯ ಯೋಜನೆಯೊಂದು ನಡೆಯಿತು. ಅದರ ಫಲವಾಗಿ ಇನ್ನೊಂದು ಬಗೆಯ ಗೇಣಿ ಬಂತು. ಮೊದಲು 5 ವರ್ಷ ಪರೀಕ್ಷೆ, ಸರಿಹೋದರೆ 50 ವರ್ಷದ ಹಕ್ಕು, ಗೇಣಿಯ ಬದಲು ಸಸಿ ನೆಟ್ಟು ಕಾಡು ಕಾಯುವ ಕೆಲಸ. ಆಲೋಚನೆ ಒಳ್ಳೆಯದೇ. ಆದರೆ ಒಳ್ಳೆಯ ಮರಗಳಿರುವ ತುಂಡು ಯಾರಿಗೆ ಸಿಗಬೇಕು ಅನ್ನುವಲ್ಲಿ ಪರಿಚಯ, ಪ್ರಭಾವ ಎಲ್ಲ ಬಂದವು. ತುಂಡು ಸಿಗದವರು ಸಿಕ್ಕವರ ಮರ ಹತ್ತಿ ಕೂಲಿಗೆ ಕಾಯಿ ಉದುರಿಸಿದರು, ಪಾಲಿಗೆ ಆರಿಸಿದರು. ಹತ್ತುವ ಅಪಾಯ ಅವರದು, ಮರ ಇನ್ನೊಬ್ಬರದು.

ಇನ್ನು ಕಾಯಿಯ ಪ್ರಯಾಣ. ಕೊಯ್ಲು ನಡೆಯುತ್ತಿರುವಾಗಲೇ ಸಣ್ಣ ವ್ಯಾಪಾರಿಗಳು ತಕ್ಕಡಿ ಹಿಡಿದು ಕಾಡಿನ ಅಂಚಿಗೆ ಬಂದಿರುತ್ತಾರೆ. ಅವರಿಂದ ಮೂಟೆಗಳು ಬಯಲಿನ ಬಜಾರ್ ಕೊರ್ಗೋನ್ ಎಂಬ ಊರಿನ ಮಂಡಿಗೆ, ಅಲ್ಲಿಂದ ಜಲಾಲ್‌ಅಬಾದಿಗೆ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಚಿಪ್ಪು. ಚಿಪ್ಪನ್ನು ಹೊತ್ತುಕೊಂಡು ದೂರದೇಶಕ್ಕೆ ಹೋದರೆ ನಷ್ಟ. ಅದಕ್ಕೇ ಸಗಟು ವ್ಯಾಪಾರಿಗಳು ಮೂಟೆಗಳನ್ನು ಮನೆಮನೆಗೆ ಕೊಡುತ್ತಾರೆ. ಚಳಿಗಾಲ ಪೂರ್ತಿ ಹೆಂಗಸರು ಕೂತು ಸುತ್ತಿಗೆಯಿಂದ ಒಂದೊಂದೇ ಕಾಯಿ ಒಡೆಯುತ್ತಾರೆ. ಕೂಲಿ ತೂಕದ ಲೆಕ್ಕ. ಮನೆಗೆಲಸದ ನಡುವೆ ಬೀಡಿ ಕಟ್ಟುವ ನಮ್ಮ ಕರಾವಳಿಯ ಹೆಂಗಸರು ನೆನಪಾದರು ನನಗೆ. ಪೆಟ್ಟು ಹದವಾಗಿರಬೇಕು, ಪುಡಿಯಾದರೆ ಬೆಲೆ ಹೋಯಿತು. ಮುರಿಯದೆ ಬಂದ ಅರ್ಧ ತಿರುಳಿಗೆ ವ್ಯಾಪಾರದ ರಷ್ಯನ್ ಮಾತಿನಲ್ಲಿ 'ಬಾಬೊಚ್ಕಾ' ಅನ್ನುತ್ತಾರೆ, ಅಂದರೆ ಚಿಟ್ಟೆ. ಬಿಳಿ ಚಿಟ್ಟೆಗೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಕಪ್ಪು ಚೂರಿಗೆ ಎಲ್ಲಕ್ಕಿಂತ ಕಡಿಮೆ. ಬಣ್ಣದ ಪ್ರಕಾರ ವಿಂಗಡಿಸಿ, ಪೆಟ್ಟಿಗೆಗೆ ತುಂಬಿ ಟರ್ಕಿಗೆ, ಚೀನಾಕ್ಕೆ, ಇರಾನಿಗೆ, ರಷ್ಯಾಕ್ಕೆ ಸಾಗಿಸುತ್ತಾರೆ.

ಬಣ್ಣದ ಗುಟ್ಟು ಇಷ್ಟೇ. ಕಾಯಿ ಒದ್ದೆ ನೆಲದಲ್ಲಿ, ಹಸಿ ಸಿಪ್ಪೆಯೊಳಗೆ ಬಿದ್ದಿದ್ದರೆ ತಿರುಳು ಕಪ್ಪಾಗುತ್ತದೆ. ಬೇಗ ಆರಿಸಿ, ಸುಲಿದು, ಚೆನ್ನಾಗಿ ಒಣಗಿಸಿದರೆ ಬೆಳ್ಳಗಿರುತ್ತದೆ. ಒಣಗಿಸಲು ಬಿಸಿಲು, ಜಾಗ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಾಯುವ ತ್ರಾಣ. ಹಿಟ್ಟು ಸಾಲ ತಂದವನಿಗೆ ಅದಿಲ್ಲ. ಎಲ್ಲರೂ ಮಾರುವ ಅಕ್ಟೋಬರಿನಲ್ಲೇ ಅವನೂ ಮಾರಬೇಕು, ಬೆಲೆ ಆಗಲೇ ತಳದಲ್ಲಿರುತ್ತದೆ. ಉಗ್ರಾಣ ಇದ್ದವರು ವಸಂತದವರೆಗೆ ಕಾದು ಮಾರುತ್ತಾರೆ. ಇದಕ್ಕೆ ಯಾರೂ ಕೇಡಿಗರಾಗಬೇಕಿಲ್ಲ, ಒಬ್ಬನಿಗೆ ಕಾಯಲು ಆಗುತ್ತದೆ, ಇನ್ನೊಬ್ಬನಿಗೆ ಆಗುವುದಿಲ್ಲ, ಅಷ್ಟೇ ಸಾಕು.

ಪ್ರತಿವರ್ಷ ಬೆಳೆ ಬರುತ್ತದೆ ಅಂತಲೂ ಇಲ್ಲ. ಹೂ ಬಿಟ್ಟ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಕಥೆ ಮುಗಿಯಿತು. ಬಂದ ಬೆಳೆಗೂ ಪೈಪೋಟಿ. ಕ್ಯಾಲಿಫೋರ್ನಿಯಾದ ತೋಟದ ಮರಗಳು ಕಸಿ ಮಾಡಿದವು, ಕಾಯಿಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಕಾಡಿನ ಮರಗಳು ಬೀಜದಿಂದ ಹುಟ್ಟಿದವು, ಒಂದರ ಕಾಯಿ ಇನ್ನೊಂದರ ಹಾಗಿಲ್ಲ. ರುಚಿಗೆ ಅದೇ ಚೆಂದ, ವ್ಯಾಪಾರಕ್ಕೆ ಅದೇ ತೊಡಕು.

ಈ ಸರಪಳಿ ನಿಂತಿರುವುದು ನಂಬಿಕೆಯ ಮೇಲೆ. ಉಜ್ಬೆಕ್ ಕೊಯ್ಲುಗಾರ, ಕಿರ್ಗಿಜ್ ವ್ಯಾಪಾರಿ, ಟರ್ಕಿಯ ಗಿರಾಕಿ. 2010ರ ಜೂನಿನಲ್ಲಿ ಓಶ್ ಮತ್ತು ಜಲಾಲ್‌ಅಬಾದಿನಲ್ಲಿ ಕಿರ್ಗಿಜರಿಗೂ ಉಜ್ಬೆಕರಿಗೂ ಗಲಭೆಯಾಗಿ 400ಕ್ಕೂ ಹೆಚ್ಚು ಜನ ಸತ್ತರು. ಬಜಾರ್ ಕೊರ್ಗೋನಿನಲ್ಲೂ ರಕ್ತ ಹರಿಯಿತು. ಪಕ್ಕದ ಉಜ್ಬೆಕಿಸ್ತಾನದ ಜೊತೆಗಿನ ಓಶ್ ಬಳಿಯ ಮುಖ್ಯ ಗಡಿಬಾಗಿಲು ಸರಿಯಾಗಿ ತೆರೆದದ್ದು 2017ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲೂ ಕಾಯಿ ಬಲಿತೇ ಇತ್ತು. ಮರಕ್ಕೇನು ಗೊತ್ತು, ಯಾರು ಯಾರು ಅಂತ.

ಈಗ ಆರಂಭದಲ್ಲಿ ನೆನಪಿಟ್ಟುಕೊಳ್ಳಿ ಅಂದದ್ದಕ್ಕೆ ಬರುತ್ತೇನೆ. ಝಾರ್ ಕಾಲದಲ್ಲಿ ಸರ್ಕಾರಕ್ಕೆ ಪಾಲು, ಸೋವಿಯತ್ ಕಾಲದಲ್ಲಿ ಯೋಜನೆಗೆ ಪಾಲು, ಆಮೇಲೆ ಲೆಸ್‌ಖೋಜ್‌ಗೆ, ಗೇಣಿದಾರನಿಗೆ, ವ್ಯಾಪಾರಿಗೆ, ಕೂಲಿಯವನಿಗೆ ಪಾಲು. ಕಾಲಕಾಲಕ್ಕೆ ಪಾಲಿನ ಜಗಳವೇ ಈ ಕಾಡಿನ ಇತಿಹಾಸ. ಆದರೆ ಯಾವ ಲೆಕ್ಕದಲ್ಲೂ ಕಾಡಿಗೆ ಪಾಲಿಲ್ಲ. ಉದುರಿದ ಕಾಯನ್ನು ಕೊನೆಯದೂ ಬಿಡದೆ ಆರಿಸುತ್ತಾರೆ. ಬಿಡುವ ಹಾಗೂ ಇಲ್ಲ, ಚಳಿಗಾಲ ಎದುರಿಗಿದೆ. ತಪ್ಪಿ ಮೊಳೆತ ಸಸಿಯನ್ನು ದನ ತಿನ್ನುತ್ತದೆ, ಇಲ್ಲವೇ ಹುಲ್ಲು ಕೊಯ್ಯುವ ಕತ್ತಿಗೆ ಸಿಗುತ್ತದೆ. ಕಲ್ಲಿದ್ದಲು ನಿಂತ ಮೇಲೆ ಒಲೆಗೂ ಕಾಡೇ ಗತಿ. 2000ರ ದಶಕದಲ್ಲಿ ಅಕ್ರೋಟು ಮರ ಕಡಿಯುವುದಕ್ಕೆ ಸರ್ಕಾರ ನಿಷೇಧ ತಂದಿತು. ಹಳೆಯ ಮರ ಉಳಿಸಲು ನಿಷೇಧ ಸಾಕಾಗಬಹುದು, ಹೊಸ ಮರ ಹುಟ್ಟಿಸಲು ಸಾಕಾಗದು. ಮೇಲೆ ನೋಡಿದರೆ ದಟ್ಟ ಕಾಡು, ಕೆಳಗೆ ನೋಡಿದರೆ ಎಷ್ಟೋ ಕಡೆ ಎಳೆಯ ಗಿಡವೇ ಇಲ್ಲ.

ಆ ಪರಾಗದ ಅಧ್ಯಯನ ನಿಜವೇ ಆದರೆ, ಇದು ತಾನಾಗಿ ಬೆಳೆದ ಕಾಡಲ್ಲ. ಯಾರೋ ತಿನ್ನಬಹುದಾಗಿದ್ದ ಕಾಯನ್ನು ತಿನ್ನದೆ ಮಣ್ಣಿಗೆ ಹಾಕಿದ್ದರಿಂದ ಬೆಳೆದದ್ದು. ಸಂತನೋ, ಹೆಸರಿಲ್ಲದ ಹಳ್ಳಿಗರೋ, ಅವರು ಕಾಡಿನ ಪಾಲನ್ನು ಮೊದಲೇ ತೆಗೆದಿಟ್ಟಿದ್ದರು. ಇವತ್ತಿನವರಿಗೆ ಅದು ಗೊತ್ತಿಲ್ಲ ಅಂತಲ್ಲ. ಒಂದು ಮೂಟೆ ಕಾಯಿ ಮಣ್ಣಿಗೆ ಹಾಕಬೇಕಾದರೆ ಮನೆಯಲ್ಲಿ ಒಂದು ಮೂಟೆ ಹಿಟ್ಟು ಇರಬೇಕು. ಸಸಿ ಮರವಾಗಿ ಕಾಯಿ ಬಿಡುವವರೆಗೂ ಆ ಮರ ತನ್ನ ಮಕ್ಕಳದ್ದೇ ಅನ್ನುವ ಭರವಸೆ ಇರಬೇಕು. 50 ವರ್ಷದ ಗೇಣಿ ಹೇಳಹೊರಟಿದ್ದು ಅದನ್ನೇ ಇರಬೇಕು.

ಗಾಂಧಿಬಜಾರಿನಿಂದ ತಂದ ಪೊಟ್ಟಣ ಮುಂದೆಯೇ ಇದೆ. ಅಂಗಡಿಯವ ಹೇಳಿದ ಹಾಗೆ ಬೆಳ್ಳಗಿರುವುದನ್ನೇ ತಂದಿದ್ದೇನೆ, ಒಂದೂ ಮುರಿದಿಲ್ಲ. ಯಾವ ದೇಶದ್ದೇ ಇರಲಿ, ಯಾರದೋ ಕಪ್ಪಾದ ಕೈ ಇದನ್ನು ಇಷ್ಟು ಬೆಳ್ಳಗೆ ಉಳಿಸಿದೆ ಅನ್ನಿಸಿತು ನೋಡಿ.

ನಿಮ್ಮೂರಿನ ಕಾಡಿನಿಂದ ಪೇಟೆಗೆ ಹೋಗುವ ಉಪ್ಪಾಗೆ, ಸೀಗೆ, ಜೇನಿನ ಲೆಕ್ಕ ಗೊತ್ತಿರುವವರು ಇದ್ದರೆ ದಯವಿಟ್ಟು ಬರೆಯಿರಿ. ಅಲ್ಲಿ ಕಾಡಿಗೆ ಪಾಲಿದೆಯೇ ಅಂತ ತಿಳಿಯುವ ಆಸೆ ನನಗೆ.